ನೆಲ ಹಿಡಿಯುವ ಪಾಳಿ

ಕಾಲಡಿಯ ನೆಲ ಕುಸಿಯಿತು ಅನ್ನುತ್ತಾರಲ್ಲ, ಮಾತಿಗೆ,
ನಮ್ಮ ಪೆತೋಬೋದಲ್ಲಿ ಅದು ಬರೀ ಮಾತಾಗಲಿಲ್ಲ.
ಮಗ್ರಿಬ್‌ನ ಹೊತ್ತು. ನೆಲ ಗಂಜಿಯಾಯಿತು.
ತೆಂಗಿನ ಮರಗಳು ನಿಂತ ಭಂಗಿಯಲ್ಲೇ ನಡೆದುಹೋದವು.
ನಮ್ಮ ಮನೆಯೂ ಹೊರಟಿತು
ಒಲೆಯ ಮೇಲಿನ ಮೀನಿನ ಸಾರಿನ ಸಮೇತ,
ಸಾರಿನ ಮುಂದೆ ನಿಂತಿದ್ದ ಅಮ್ಮನ ಸಮೇತ.
ನಾನು ಉಪ್ಪು ತರಲು ಹೋಗಿದ್ದೆ.

ನಮ್ಮ ಹಿರಿಯರ ನುಡಿಯಲ್ಲಿ ಇದಕ್ಕೊಂದು ಹಳೆಯ ಪದವಿತ್ತಂತೆ: ನಲೋಡೋ.
ಪದ ಇತ್ತೆಂದ ಮೇಲೆ ಹಿಂದೆಯೂ ಆಗಿರಬೇಕು.
ಶಾಲೆಯಲ್ಲಿ ಯಾರೂ ನಮಗೆ ಅದನ್ನು ಕೊಟ್ಟು
ಸ್ವಂತ ವಾಕ್ಯ ಮಾಡಿ ಅಂದಿರಲಿಲ್ಲ.

ಆಮೇಲೆ ತಗಡಿನ ಸಾಲುಮನೆ, ಹಲಗೆಯ ನೆಲ,
ಹನ್ನೆರಡು ಕೋಣೆಗೆ ಎರಡು ನಲ್ಲಿ.
ಜಾವಾದಿಂದ ರೆತ್ನೋ ಮೇಡಂ ಬಂದರು, ಬಣ್ಣದ ಪೆನ್ಸಿಲು ತಂದರು.
ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ,
ಇವತ್ತು ನೀನು ಯಾವುದು?
ಫದ್ಲುನ್ ಸ್ಕೇಲಿಟ್ಟು ಉದ್ದಕ್ಕೊಂದು ಗೆರೆ ಎಳೆದ.
ಇದೇನಪ್ಪ?
ನೆಲ.
ಮೇಡಂ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.
ಒಳ್ಳೆಯವರು. ಮತ್ತೇನೂ ಕೇಳಲಿಲ್ಲ.
ಮರುದಿನ ಎಲ್ಲರಿಗೂ ಒಂದೊಂದು ಸ್ಕೇಲು ತಂದುಕೊಟ್ಟರು.

ಮಸಿತಾಗೆ ಆಗ ಒಂಬತ್ತು. ಮಲಗುತ್ತಿರಲಿಲ್ಲ.
ಚಪ್ಪಲಿ ಮೆಟ್ಟಿಕೊಂಡು, ಗೋಡೆಗೊರಗಿ, ಕೂತೇ ತೂಕಡಿಸುವಳು,
ಲಾರಿಯೊಂದು ರಸ್ತೆಯಲ್ಲಿ ಗುಡುಗಿದರೆ ಬಾಗಿಲಲ್ಲಿರುವಳು.
ಯೋಸುವಾ ಒಂದು ರಾತ್ರಿ ರೇಗಿ ಹೇಳಿದ:
ಬಿದ್ಕೋ ಮಾರಾಯ್ತಿ, ನೆಲ ನಾನು ಹಿಡಿದಿರ್ತೀನಿ.
ಹೇಳಿದ ಮೇಲೆ ಹಿಡಿಯಲೇಬೇಕಾಯಿತು.
ಎರಡೂ ಅಂಗೈ ಹಲಗೆಗೆ ಒತ್ತಿ ಕೂತ,
ಅವನಪ್ಪ ಪಂಕ್ಚರ್ ಅಂಗಡಿಯಲ್ಲಿ
ಅಂಟು ಒಣಗುವವರೆಗೆ ಟ್ಯೂಬು ಒತ್ತಿ ಹಿಡಿಯುತ್ತಿದ್ದ ಹಾಗೆ.
ಅವಳು ಮಲಗಿದಳು.

ನೂಡಲ್ಸ್ ಪೆಟ್ಟಿಗೆಯ ರಟ್ಟಿನ ಮೇಲೆ ಪಟ್ಟಿಯಾಯಿತು.
ಹತ್ತರಿಂದ ಹನ್ನೆರಡು, ಹನ್ನೆರಡರಿಂದ ಎರಡು,
ಹನ್ನೊಂದು ಜನ ನಾವು, ಸರದಿ ತಪ್ಪಿಸಿದರೆ ಎರಡು ಕೊಡ ನೀರು.
ದೊಡ್ಡವರು ಮಕ್ಕಳಾಟ ಅಂದುಕೊಂಡರು.
ಅಣೆಕಟ್ಟಿನಷ್ಟು ಮೌನ ಕಟ್ಟಿಕೊಂಡಿದ್ದ ಹಮ್ದಾನ್ ಮಾಮ ಮಾತ್ರ
ಒಂದು ರಾತ್ರಿ ಬಂದು, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು,
ಹಲಗೆಗೆ ಕೈಯೂರಿದರು.
ಬೆಳಿಗ್ಗೆ ರಟ್ಟಿನ ಮೇಲೆ ಅವರ ಹೆಸರೂ ಬಂತು, ಕಾಗುಣಿತ ತಪ್ಪಾಗಿ.
ಅದನ್ನು ತಿದ್ದಲೆಂದೇ
ಅವರು ಐದು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟರು.

ಈಗ ಹೇಳುತ್ತೇನೆ, ಈವರೆಗೆ ಯಾರಿಗೂ ಹೇಳಿಲ್ಲ.
ಎರಡರಿಂದ ನಾಲ್ಕು ನನ್ನ ಪಾಳಿ. ನಾನು ನಿದ್ದೆಹೋದೆ.
ಎಚ್ಚರಾದಾಗ ಕೆನ್ನೆಗೆ ಜೊಲ್ಲು, ಅಂಗೈ ಆಕಾಶಕ್ಕೆ,
ದೂರದಲ್ಲಿ ಬಾಂಗು.
ನೆಲ ಇತ್ತು.
ಮಸಿತಾ ಕಾಲು ಚಾಚಿ ಮಲಗಿದ್ದಳು,
ಒಂದು ಚಪ್ಪಲಿ ತಾನಾಗಿ ಕಳಚಿ ಬಿದ್ದಿತ್ತು.
ಸಮಾಧಾನವಲ್ಲ, ಮೊದಲು ಬಂದದ್ದು ಕೋಪ.
ಹಿಡಿಯದೆಯೂ ನಿಲ್ಲುವುದಾದರೆ
ಆ ಸಂಜೆ ನಿಲ್ಲಲು ನಿನಗೇನು ಧಾಡಿಯಾಗಿತ್ತು?
ಮುಷ್ಟಿ ಕಟ್ಟಿ ಹಲಗೆಗೆ ಗುದ್ದಿದೆ, ಮೆಲ್ಲಗೆ, ಯಾರೂ ಏಳದ ಹಾಗೆ.
ಗುದ್ದುತ್ತಾ ಗುದ್ದುತ್ತಾ ಇನ್ನೊಂದೂ ಹೊಳೆಯಿತು:
ಉಪ್ಪು ಮನೆಯಲ್ಲೇ ಇದ್ದಿದ್ದರೂ,
ನಾನು ಅಡುಗೆಮನೆಯಲ್ಲೇ ನಿಂತು ಎರಡೂ ಕೈಯಲ್ಲಿ ಹಿಡಿದಿದ್ದರೂ
ಅದು ಹೋಗುತ್ತಿತ್ತು.
ಆಗ ಅತ್ತೆ. ಅಂಗಡಿಯಿಂದ ಓಡಿಬಂದ ದಿನ ಅಳದಿದ್ದದ್ದನ್ನೆಲ್ಲ.

ಪಾಳಿ ಬದಲಿಸಲು ಬಂದ ಫದ್ಲುನ್, ಕಣ್ಣುಜ್ಜಿಕೊಂಡು:
ಹೇಗಿತ್ತು?
ಗಟ್ಟಿ, ಅಂದೆ.

ಮೊನ್ನೆ ಮತ್ತೆ ಸಣ್ಣಗೆ ನಡುಗಿತು, ರಾತ್ರಿ ಒಂದೂವರೆಗೆ.
ಹೊಸ ಮನೆಯ ಬಲ್ಬು ಆಡಿತು, ನಾನು ಅಂಗಳಕ್ಕೆ ಓಡಿದ್ದೆ.
ಈಗಲೂ ಓಡುತ್ತೇನೆ. ಅದೇನೂ ಹೋಗಿಲ್ಲ.
ಫೋನು ಮಿಣುಕಿತು.
ಮಕಾಸ್ಸರ್‌ನಿಂದ ಫದ್ಲುನ್: ಹಿಡಿದಿದ್ದೇನೆ.
ದೊಂಗಾಲಾದಿಂದ ಹಮ್ದಾನ್ ಮಾಮ, ಅದೇ ತಪ್ಪು ಕಾಗುಣಿತದ ಹೆಸರಲ್ಲಿ: ಹಿಡಿದಿದ್ದೇನೆ.
ನರ್ಸಿಂಗ್ ಓದುತ್ತಿರುವ ಮಸಿತಾ: ಎಲ್ಲರೂ ಮಲಗಿ, ಇವತ್ತು ನನ್ನದು.
ಯೋಸುವಾನಿಂದ ಉತ್ತರವಿಲ್ಲ.
ನಿದ್ದೆಹೋಗಿರಬೇಕು.
ಹೋಗಲಿ.